ದವಡೆಗೆ ಹಚ್ಚಿದ ರೆಸಿನ್

ನಾನು ಹಚ್ಚಿದ ರೆಸಿನ್ ಇಷ್ಟರವರೆಗೆ ಎದ್ದು ಬಂದದ್ದಿಲ್ಲ. ಬೆಂಗ್ರೆಯಿಂದ ಸುರತ್ಕಲ್‌ವರೆಗೆ ಯಾವ ಫೈಬರ್ ದೋಣಿಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಒಡೆದ ದೋಣಿಯ ಅಡಿಯನ್ನು ಉಜ್ಜಿ, ಒಣಗಿಸಿ, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಅಂಟು ಕುಡಿಸಿ ಕೊಟ್ಟರೆ ಅದು ಮತ್ತೆ ಅದೇ ಜಾಗದಲ್ಲಿ ಒಡೆಯುವುದಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಆ ಕೆಲಸ ಸ್ವಲ್ಪ ಕೆಟ್ಟದಾಗಿ ಬರುತ್ತಿದ್ದರೆ ನನ್ನ ಅಣ್ಣನ ವಿಷಯ ಇವತ್ತು ಹೀಗೆ ನೇತಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನದಿ ದಡದ ನನ್ನ ಶೆಡ್ಡಿಗೆ ಒಬ್ಬ ತಂಡೇಲ ಬಂದ. ಟ್ರಾಲ್ ಬೋಟು ನಡೆಸುವವನು, ಅಣ್ಣನ ಹಳೆಯ ಜೊತೆಗಾರ. ಕೈಯಲ್ಲಿ ಐಸ್ ತುಂಬಿದ ಮೀನಿನ ಬುಟ್ಟಿ.

“ಏನು ಮಾರಾಯ, ಕೇಳದೆ ಮೀನು ತಂದಿದ್ದಿ? ಬೋಟು ಒಡೆದು ತಂದಿದ್ದಿಯಾ ಹೇಗೆ?” ಎಂದೆ.

ಅವನು ನಗಲಿಲ್ಲ. “ಮೀನಲ್ಲ. ನೀನು ಮೊದಲು ಕೂತ್ಕೋ.”

ಐಸಿನ ಅಡಿಯಲ್ಲಿ ಒಂದು ದವಡೆ ಇತ್ತು. ಕೆಳದವಡೆ. ಮನುಷ್ಯನದ್ದು.

ಅಣ್ಣನ ದೋಣಿ ಮುಳುಗಿ ಆಗ ಕೆಲವು ಮಳೆಗಾಲ ಕಳೆದಿದ್ದವು. ಜೊತೆಗಿದ್ದವರೆಲ್ಲ ಸಿಕ್ಕಿದ್ದರು, ಕೆಲವರು ಜೀವಂತವಾಗಿ, ಕೆಲವರು ಹೆಣವಾಗಿ. ಅಣ್ಣ ಮಾತ್ರ ಸಿಗಲಿಲ್ಲ. ದೋಣಿ ಮುಳುಗಿದ ಜಾಗವನ್ನು ಟ್ರಾಲ್‌ನವರು ಜಿಪಿಎಸ್‌ನಲ್ಲಿ ಗುರುತು ಹಾಕಿಡುತ್ತಾರೆ. ಅದು ಗೌರವಕ್ಕಲ್ಲ, ಬಲೆ ಅಲ್ಲಿ ಸಿಕ್ಕಿ ಹರಿಯಬಾರದು ಅಂತ. ಅಣ್ಣ ಹೋದ ಜಾಗ ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಎಲ್ಲಾ ಬೋಟುಗಳ ಪರದೆಯಲ್ಲೂ ಒಂದು ಚುಕ್ಕೆ.

“ಆ ಚುಕ್ಕೆಯ ಹತ್ರವೇ,” ಎಂದ ತಂಡೇಲ. “ನೀರಿನ ಸೆಳೆತಕ್ಕೆ ಬಲೆ ಆ ಕಡೆ ಹೋಯ್ತು. ಎತ್ತುವಾಗ ಚಿಪ್ಪು, ಕೆಸರು, ಅದರೊಟ್ಟಿಗೆ ಇದು. ಹುಡುಗರೆಲ್ಲ ವಾಪಸ್ ಬಿಸಾಡಿ ಬಿಸಾಡಿ ಅಂದ್ರು. ನಾನು ಬಿಸಾಡ್ತಿದ್ದೆ. ಆದ್ರೆ ಹಲ್ಲು ನೋಡು.”

ಮುಂದಿನ ಹಲ್ಲುಗಳಲ್ಲಿ ಎಡಗಡೆಯದ್ದೊಂದು ಇರಲಿಲ್ಲ. ಅಣ್ಣನಿಗೂ ಅದೇ ಹಲ್ಲು ಇರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಬಲೆ ಎಳೆಯುವ ವಿಂಚಿನ ಕೊಕ್ಕೆ ಬಡಿದು ಹೋಗಿತ್ತು. ಆ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಬಲೆ ನೇಯುತ್ತಿದ್ದವನು ಅವನು.

ಇಲ್ಲಿ ನಮ್ಮ ಕ್ರಮದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಸುಟ್ಟ ಕೂಡಲೇ ಮುಗಿಯುವುದಿಲ್ಲ. ಬೊಜ್ಜ, ಅಂದರೆ ಉತ್ತರಕ್ರಿಯೆ, ಆಗಬೇಕು. ಅದರ ಕೊನೆಗೆ ಮನೆಯವರು ಬಾಗಿಲಲ್ಲಿ ನಿಂತು ಸತ್ತವರನ್ನು ಹೆಸರು ಹಿಡಿದು ಒಳಗೆ ಕರೆಯಬೇಕು. ಕರೆದ ಮೇಲೆ ಅವರು ಹಿರಿಯರ ಸಾಲಿಗೆ ಸೇರಿದ ಹಾಗೆ. ವರ್ಷಕ್ಕೊಮ್ಮೆ ಅವರ ಪಾಲಿನ ಎಲೆ ಹಾಕಿ ಬಡಿಸುತ್ತೇವೆ. ಯಾರೂ ಕರೆಯದವರು ಹೊರಗೇ ಉಳಿಯುತ್ತಾರೆ. ಹೆಣ ಸಿಗದವರಿಗೂ ದಾರಿ ಉಂಟು. ಹುಲ್ಲಿನಲ್ಲಿ ಒಂದು ರೂಪ ಮಾಡಿ ಸುಡುತ್ತಾರೆ. ಅಮ್ಮ ಅದಕ್ಕೆ ಒಪ್ಪಿರಲಿಲ್ಲ.

“ನಾನು ಹುಲ್ಲನ್ನು ಹೆತ್ತದ್ದಾ?” ಎಂದು ಕೇಳಿದ್ದಳು. “ಅವನದ್ದು ಅಂತ ಒಂದು ಉಗುರಾದ್ರೂ ತನ್ನಿ. ಸುಡುವ, ಕರೆಯುವ. ಇಲ್ಲದಿದ್ರೆ ಆ ಮಾತು ತೆಗಿಬೇಡಿ.”

ಆ ಮಾತು ಯಾರೂ ತೆಗೆಯಲಿಲ್ಲ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ತವರಿಗೆ ಹೋಗದೆ ನಮ್ಮ ಜೊತೆಗೇ ಉಳಿದರು. ದಕ್ಕೆಯಲ್ಲಿ ಮೀನು ವಿಂಗಡಿಸುವ ಕೆಲಸಕ್ಕೆ ಹೋಗುತ್ತಾರೆ. ಅವರ ಕರಿಮಣಿ ಕುತ್ತಿಗೆಯಲ್ಲೇ ಇತ್ತು.

ದವಡೆಯನ್ನು ನಾನು ಆ ದಿನವೇ ಅಮ್ಮನಿಗೆ ತೋರಿಸಲಿಲ್ಲ. ಶೆಡ್ಡಿನ ಮೇಜಿನ ಮೇಲೆ ಗೋಣಿ ಹಾಸಿ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ಒಣಗಲು ಶುರುವಾಯಿತು. ಒಣಗಿದ ಹಾಗೆ ಸೀಳಲು ಶುರುವಾಯಿತು. ಉಪ್ಪು ಬೆಳ್ಳಗೆ ಮೇಲೆ ಬಂತು, ಮೂಲೆಯಲ್ಲಿ ಒಂದು ಪದರ ಎದ್ದಿತು. ಕೈಯಲ್ಲಿ ಎತ್ತಿದರೆ ಚೂರು ಉದುರಿತು. ಇಷ್ಟು ವರ್ಷ ಕಡಲಿನಲ್ಲಿ ಉಳಿದದ್ದು ನನ್ನ ಮೇಜಿನ ಮೇಲೆ ಪುಡಿಯಾಗುತ್ತಿತ್ತು. ಸೀಳುವ ವಸ್ತುವಿಗೆ ನನಗೆ ಗೊತ್ತಿದ್ದ ಮದ್ದು ಒಂದೇ.

ಮೊದಲು ಸಿಹಿನೀರಿನಲ್ಲಿ ತೊಳೆದೆ. ಫ್ಯಾನಿನ ಕೆಳಗೆ ಒಣಗಿಸಿದೆ. ರೆಸಿನ್ ತೆಳು ಮಾಡಿ, ಗಟ್ಟಿಯಾಗಲು ಹಾರ್ಡ್ನರ್ ಬೆರೆಸಿ, ಸಣ್ಣ ಬ್ರಷ್‌ನಲ್ಲಿ ಹನಿ ಹನಿ ಕುಡಿಸಿದೆ. ಎಲುಬು ಬಾಯಾರಿದ ಹಾಗೆ ಕುಡಿಯಿತು. ಕುಡಿಯುವುದು ನಿಲ್ಲಿಸುವವರೆಗೆ ನಾನೂ ನಿಲ್ಲಿಸಲಿಲ್ಲ. ಮೇಲೆ ದಪ್ಪ ಕೋಟ್ ಕೊಟ್ಟೆ. ಹಲ್ಲು ಇಲ್ಲದ ಆ ಜಾಗದಲ್ಲಿ ಬಿರುಕು ಜಾಸ್ತಿ ಇತ್ತು. ಚಾಕ್ ಪೌಡರ್ ಸೇರಿಸಿ ಪುಟ್ಟಿ ಮಾಡಿ ತುಂಬಿದೆ. ಗಟ್ಟಿಯಾದ ಮೇಲೆ ಸ್ಯಾಂಡ್‌ಪೇಪರ್ ಹಾಕಿ ಸಮ ಮಾಡಿದೆ. ಸಂಜೆಗೆ ದವಡೆ ಹೊಸ ದೋಣಿಯ ಹಾಗೆ ಹೊಳೆಯುತ್ತಿತ್ತು. ಅಣ್ಣನಿಗೆ ಕೊನೆಗೂ ನಾನು ಒಂದು ಕೆಲಸ ಮಾಡಿಕೊಟ್ಟೆ ಅಂತ ಅನಿಸಿತು. ಬಾಗಿಲು ಹಾಕಿಕೊಂಡು ಅತ್ತೆ.

ಅಮ್ಮನಿಗೆ ಆಗಲೇ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಕಣ್ಣು ಮಂಜು. ದವಡೆಯನ್ನು ಮಡಿಲಲ್ಲಿಟ್ಟು ಬೆರಳಿನಿಂದ ತಡವಿದಳು. ಹಲ್ಲುಗಳ ಸಾಲಿನಲ್ಲಿ ಬೆರಳು ಹೋಗಿ ಆ ಸಂದಿಯಲ್ಲಿ ನಿಂತಿತು.

“ಇವನೇ,” ಎಂದಳು. “ನಾಳೆಯೇ ಸುಡುವ. ನಾನು ಇರುವಾಗಲೇ ಕರೆಯುವ.”

ಅತ್ತಿಗೆ ಬಾಗಿಲ ಹತ್ತಿರ ನಿಂತಿದ್ದರು. ಮೀನಿನ ಕೆಲಸದಿಂದ ಆಗಷ್ಟೇ ಬಂದಿದ್ದರು, ಕೈ ತೊಳೆದಿರಲಿಲ್ಲ.

“ಒಂದು ಹಲ್ಲಿನ ಸಂದಿ ನೋಡಿ ನಾನು ಕರಿಮಣಿ ತೆಗಿಬೇಕಾ?” ಎಂದು ನನ್ನನ್ನು ಕೇಳಿದರು. “ದಕ್ಕೆಯಲ್ಲಿ ಹಲ್ಲೆಲ್ಲ ಸರಿ ಇರುವವರು ಎಷ್ಟು ಜನ ಉಂಟು ಹೇಳು. ಕಲಿತವರಿಗೆ ತೋರಿಸು. ಅವರು ಇದು ನಿನ್ನ ಅಣ್ಣನದ್ದೇ ಅಂತ ಆಣೆ ಮಾಡಿ ಹೇಳಿದ್ರೆ ನಾನೇ ತೆಗೆದು ಕೊಡ್ತೇನೆ.”

“ಅಷ್ಟರವರೆಗೆ ನಾನು ಇರ್ಲಿಕ್ಕಿಲ್ಲ,” ಎಂದಳು ಅಮ್ಮ.

“ನೀವು ಇರ್ಬೇಕು ಅತ್ತೆ. ನಾನು ಕಾದಿಲ್ವಾ?”

ಹಾಗೆ ನಾನು ದೋಣಿಯಲ್ಲಿ ನದಿ ದಾಟಿ, ಬಸ್ಸು ಹಿಡಿದು ಪೇಟೆಯ ಬಿಜೈಗೆ ಹೋದೆ. ಅಲ್ಲಿ ಒಬ್ಬ ಮೇಡಂ ಇದ್ದಾರೆ. ಕಾಲೇಜಿನಲ್ಲಿ ಹಳೆಯ ಎಲುಬುಗಳ ವಿಷಯ ಕಲಿಸಿ ನಿವೃತ್ತರಾದವರು. ಅವರ ಟೆರೇಸಿನ ನೀರಿನ ಟ್ಯಾಂಕು ಒಡೆದಾಗ ರಿಪೇರಿ ಮಾಡಿದವನು ನಾನು. ಆಗ ಅವರ ಕಪಾಟಿನಲ್ಲಿ ದವಡೆ, ತಲೆಬುರುಡೆ ನೋಡಿ ಹೆದರಿದ್ದೆ.

ಮೇಡಂ ದವಡೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಮೂಗಿನ ಹತ್ತಿರ ಹಿಡಿದರು.

“ಇದಕ್ಕೆ ಎಂತ ಹಚ್ಚಿದ್ದೀರಿ?”

“ರೆಸಿನ್, ಮೇಡಂ. ತೆಳು ಮಾಡಿ ಒಳಗಿನವರೆಗೆ ಕುಡಿಸಿದ್ದು. ಇನ್ನು ಬಿರುಕು ಬಿಡುವ ಮಾತೇ ಇಲ್ಲ.”

ಅವರು ದವಡೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಏನೋ ಕೆಟ್ಟದ್ದಾಗಿದೆ ಅಂತ ನನಗೆ ಗೊತ್ತಾಯಿತು.

ಆದರೂ ನನ್ನನ್ನು ಹಾಗೇ ಕಳಿಸಲಿಲ್ಲ. ಕಪಾಟಿನಿಂದ ಪ್ಲಾಸ್ಟರಿನ ಅಚ್ಚುಗಳನ್ನು ತೆಗೆದು ಸಾಲಾಗಿ ಇಟ್ಟರು. ಮೊದಲನೆಯದು ಚಿಂಪಾಂಜಿಯ ದವಡೆ. ಎರಡೂ ಬದಿ ಒಂದಕ್ಕೊಂದು ಸಮ ದೂರದಲ್ಲಿ ಹಿಂದೆ ಹೋಗುತ್ತವೆ, ನಮ್ಮ ಹಳೆಯ ಕಾಲದ ಇಕ್ಕಟ್ಟಾದ ಮರದ ದೋಣಿಯ ಹಾಗೆ. ಕೋರೆಹಲ್ಲು ದೊಡ್ಡದು. ಆಮೇಲೆ ಆಫ್ರಿಕದಲ್ಲಿ ಸಿಕ್ಕಿದ, ಲಕ್ಷಾಂತರ ವರ್ಷ ಹಿಂದಿನವರದ್ದು. ಕೋರೆ ಸಣ್ಣದಾಗಿದೆ, ಸಾಲು ಬಾಗಲು ಶುರುವಾಗಿದೆ. ಕೊನೆಗೆ ನಮ್ಮದು, ಹಿಂದೆ ಅಗಲ, ಮುಂದೆ ದುಂಡಗೆ.

“ಹಾಗಾದ್ರೆ ಈ ಚಿಂಪಾಂಜಿ ನಮ್ಮ ಅಜ್ಜ,” ಎಂದೆ.

“ಅಜ್ಜ ಅಲ್ಲ. ದಾಯಾದಿ. ಒಬ್ಬ ಅಜ್ಜನಿಂದ ಎರಡು ಕುಟುಂಬ ಆಗಿ ಬೇರೆ ಬೇರೆ ಹೋದ ಹಾಗೆ. ಆ ಅಜ್ಜ ಇವತ್ತು ಎಲ್ಲಿಯೂ ಇಲ್ಲ.” ಆಮೇಲೆ ನನ್ನ ಬೆರಳು ಹಿಡಿದು ಅಚ್ಚಿನ ಮುಂಭಾಗಕ್ಕೆ ಮುಟ್ಟಿಸಿದರು. “ಇಲ್ಲಿ ನೋಡಿ. ದವಡೆಯ ಎರಡು ಬದಿ ಕೂಡುವ ಜಾಗ. ಚಿಂಪಾಂಜಿಗೆ ಒಳಗಿನಿಂದ ಒಂದು ಆಸರೆ ಉಂಟು. ನಮಗೆ ಹೊರಗಿನಿಂದ. ಅದನ್ನೇ ಗದ್ದ ಅಂತ ಹೇಳುವುದು. ಗದ್ದ ಇರುವುದು ನಮಗೆ ಮಾತ್ರ. ಹಿಂದೆ ಇದ್ದು ಅಳಿದುಹೋದ ಬೇರೆ ಜಾತಿಯ ಮನುಷ್ಯರಿಗೂ ಹೀಗೆ ಇರಲಿಲ್ಲ.”

ನಾನು ತಂದ ದವಡೆಗೆ ಗದ್ದ ಇತ್ತು.

“ಅಂದ್ರೆ ಅಣ್ಣ?”

“ಅಂದ್ರೆ ನಮ್ಮ ಜಾತಿಯ ಮನುಷ್ಯ. ಅಷ್ಟೇ. ನಮ್ಮಂಥವರು ಈ ಭೂಮಿಯಲ್ಲಿ ಲಕ್ಷ ವರ್ಷಕ್ಕಿಂತ ಜಾಸ್ತಿಯಿಂದ ಇದ್ದಾರೆ. ಇವನು ಅದರಲ್ಲಿ ಯಾವ ಕಾಲದವನು ಅಂತ ನೋಡ್ಬೇಕು.”

ಅಚ್ಚಿನ ಸಾಲಿನ ಆ ಹಳೆಯವರ ಕಾಲ ಹೇಗೆ ಗೊತ್ತಾದದ್ದು ಎಂದು ಕೇಳಿದೆ. ಆ ಕಣಿವೆಗಳಲ್ಲಿ ಬೆಂಕಿ ಬೆಟ್ಟದ ಬೂದಿ ಪದರ ಪದರವಾಗಿ ಬಿದ್ದಿದೆಯಂತೆ. ಎಲುಬಿನ ಮೇಲಿನ ಬೂದಿ, ಕೆಳಗಿನ ಬೂದಿ, ಎರಡರ ವಯಸ್ಸು ನೋಡಿದರೆ ನಡುವಿನದ್ದು ಗೊತ್ತಾಗುತ್ತದೆಯಂತೆ. “ನಿಮ್ಮದು ಬಲೆಯಲ್ಲಿ ಬಂದದ್ದು,” ಎಂದರು ಮೇಡಂ. “ಬಲೆ ಎಲ್ಲ ಕಲಸಿಬಿಡ್ತದೆ. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಅಂತ ಇನ್ನು ಯಾರಿಗೂ ಹೇಳ್ಲಿಕ್ಕೆ ಬರುವುದಿಲ್ಲ.”

ಹಲ್ಲುಗಳು ಸವೆದಿದ್ದವು. ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣ ಗೀರುಗಳಿದ್ದವು. ನಾರು, ಹಗ್ಗ ಕಚ್ಚಿ ಎಳೆಯುವವರ ಹಲ್ಲು ಹೀಗಾಗುತ್ತದೆ, ಹಳೆಯ ಕಾಲದವರು ಹಲ್ಲನ್ನು ಮೂರನೇ ಕೈಯ ಹಾಗೆ ಬಳಸುತ್ತಿದ್ದರು ಎಂದರು. ಅಣ್ಣನೂ ನೈಲಾನ್ ನೂಲನ್ನು ಹಲ್ಲಿನಲ್ಲೇ ಕಡಿಯುತ್ತಿದ್ದ. ಕತ್ತರಿ ಕೊಟ್ಟರೆ ಬಯ್ಯುತ್ತಿದ್ದ.

ಆಮೇಲೆ ಮೇಡಂ ಆ ಸಂದಿಗೆ ಬಂದರು. ಭೂತಗನ್ನಡಿ ಇಟ್ಟು ತುಂಬ ಹೊತ್ತು ನೋಡಿದರು.

“ಈ ಗುಂಡಿ ಮೊದಲು ಹೇಗಿತ್ತು?”

“ಅಂದ್ರೆ?”

“ನಿಮ್ಮ ಅಣ್ಣನ ಹಲ್ಲು ಹೋದದ್ದು ಎಳೆ ವಯಸ್ಸಿನಲ್ಲಿ ಅಂದ್ರಲ್ಲ. ಬದುಕಿರುವಾಗ ಹಲ್ಲು ಹೋದ್ರೆ ಅದರ ಗುಂಡಿಯನ್ನು ಎಲುಬು ತುಂಬಿಕೊಳ್ತದೆ, ಮುಚ್ಚಿ ಹೋಗ್ತದೆ. ಸತ್ತ ಮೇಲೆ ಉದುರಿದ್ರೆ ಗುಂಡಿ ತೆರೆದೇ ಇರ್ತದೆ. ನೀವು ಪುಟ್ಟಿ ತುಂಬುವ ಮೊದಲು ಅಲ್ಲಿ ಗುಂಡಿ ಇತ್ತಾ, ಇಲ್ಲ ಬರೀ ಬಿರುಕಾ?”

ಎಷ್ಟು ಪುಟ್ಟಿ ಬೇಕಾಯಿತು ಎಂದು ನೆನಪಿಸಿಕೊಳ್ಳಲು ನೋಡಿದೆ. ಚಾಕುವಿನ ತುದಿಯಲ್ಲಿ ತೆಗೆದದ್ದು ನೆನಪಿದೆ. ಒತ್ತಿದ್ದು ನೆನಪಿದೆ. ಒಳಗೆ ಹೋಯಿತಾ, ಮೇಲೆಯೇ ನಿಂತಿತಾ? ಆ ಹೊತ್ತಿನಲ್ಲಿ ಕಣ್ಣಲ್ಲಿ ನೀರು ತುಂಬಿತ್ತು. ಅಣ್ಣನನ್ನು ಸರಿ ಮಾಡುತ್ತಿದ್ದೇನೆ ಎಂಬ ಒಂದೇ ಧ್ಯಾನ. ಆ ಜಾಗವನ್ನು ನೋಡಿದವನು ಈ ಲೋಕದಲ್ಲಿ ನಾನೊಬ್ಬನೇ, ತಂಡೇಲ ಸಂದಿ ನೋಡಿದ್ದನೇ ಹೊರತು ಗುಂಡಿ ನೋಡಿರಲಿಲ್ಲ. ನೋಡಿದ ನನಗೇ ನೆನಪಿಲ್ಲ.

“ಗೊತ್ತಿಲ್ಲ ಮೇಡಂ.”

“ಯೋಚಿಸಿ.”

“ಗೊತ್ತಿಲ್ಲ.”

ಅವತ್ತಿನಿಂದ ಇವತ್ತಿನವರೆಗೂ ಯೋಚಿಸುತ್ತಲೇ ಇದ್ದೇನೆ.

ಮೇಡಂ ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಪೊಲೀಸರಿಗೆ ತಿಳಿಸಿದರು. ಅವರ ಕಡೆಯಿಂದ ಬಂದವರು ಡಿಎನ್‌ಎ ನೋಡಲು ಅಮ್ಮನ ರಕ್ತ ತೆಗೆದುಕೊಂಡು ಹೋದರು. ಎಲುಬಿನಲ್ಲಿ ಹೋಲಿಸಲು ಏನೂ ಸಿಗಲಿಲ್ಲ ಎಂದು ಹೇಳಿಕಳಿಸಿದರು. ಎಕ್ಸ್‌ರೇ ತೆಗೆಸಿದೆವು. ಚಾಕ್ ಸೇರಿದ ಪುಟ್ಟಿ ಎಲುಬಿನ ಹಾಗೆಯೇ ಬೆಳ್ಳಗೆ ಕಂಡಿತು, ಗಡಿ ಎಲ್ಲಿ ಎಂದು ತಿಳಿಯಲಿಲ್ಲ. ಉಳಿದದ್ದು ಕಾರ್ಬನ್ ಪರೀಕ್ಷೆ. ಅದಕ್ಕೆ ಒಂದು ದವಡೆಹಲ್ಲಿನ ಬೇರಿನ ಚೂರನ್ನು ದೂರದ ಲ್ಯಾಬಿಗೆ ಕಳಿಸಿದರು.

ಅದನ್ನು ಮೇಡಂ ನನಗೆ ಹೀಗೆ ವಿವರಿಸಿದರು. ಉಸಿರಾಡುವ, ಉಣ್ಣುವ ಎಲ್ಲಾ ಜೀವದಲ್ಲಿಯೂ ಒಂದು ಜಾತಿಯ ಕಾರ್ಬನ್ ಸ್ವಲ್ಪ ಸೇರುತ್ತಿರುತ್ತದೆ. ಸತ್ತ ಮೇಲೆ ಸೇರುವುದು ನಿಲ್ಲುತ್ತದೆ, ಇದ್ದದ್ದು ಲೆಕ್ಕದ ಪ್ರಕಾರ ಕಡಿಮೆಯಾಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ನೋಡಿದರೆ ಸತ್ತು ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. ಬರೀ ಕಡಲ ಮೀನು ತಿಂದವರು ತಮ್ಮ ಕಾಲಕ್ಕಿಂತ ಕೆಲವು ನೂರು ವರ್ಷ ಹಳಬರ ಹಾಗೆ ಕಾಣುತ್ತಾರಂತೆ, ಕಡಲಿನ ಆಳದ ಕಾರ್ಬನ್ ಹಳೆಯದಾದ್ದರಿಂದ. ಅದನ್ನು ಸರಿ ಮಾಡಿಕೊಳ್ಳುವ ಲೆಕ್ಕ ಉಂಟಂತೆ.

“ಮತ್ತೆ ರೆಸಿನ್?”

“ರೆಸಿನ್ ಎಂತದ್ದರಿಂದ ಮಾಡುವುದು? ಪೆಟ್ರೋಲಿಯಂನಿಂದ. ಅದು ಕೋಟಿಗಟ್ಟಲೆ ವರ್ಷ ಹಿಂದೆ ಸತ್ತ ಜೀವಗಳದ್ದು. ಅದರಲ್ಲಿ ಆ ಕಾರ್ಬನ್ ಒಂದು ಚೂರೂ ಉಳಿದಿಲ್ಲ. ಎಲುಬಿನೊಟ್ಟಿಗೆ ಅದೂ ಸೇರಿದ್ರೆ ನಿನ್ನೆ ಸತ್ತವನೂ ಸಾವಿರಾರು ವರ್ಷ ಹಿಂದಿನವನ ಹಾಗೆ ಕಾಣ್ತಾನೆ. ತೊಳೆದು ತೆಗಿಲಿಕ್ಕೆ ನೋಡ್ತಾರೆ. ಹಲ್ಲಿನ ಬೇರಿನವರೆಗೆ ಇಳಿದಿರದಿದ್ರೆ ಬಚಾವ್.”

ಇಳಿದಿರಬಾರದು ಎಂದು ನಾನು ಬೇಡಿಕೊಂಡೆ. ನನ್ನ ಕೆಲಸ ಒಮ್ಮೆಯಾದರೂ ಅರ್ಧಂಬರ್ಧ ಆಗಿರಲಿ ಎಂದು ಜೀವಮಾನದಲ್ಲಿ ಬೇಡಿಕೊಂಡದ್ದು ಆಗ ಮಾತ್ರ.

ಅಮ್ಮ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಳು. ಗಂಜಿ ಕುಡಿಸಿದರೆ ಗದ್ದದಲ್ಲಿ ಹರಿಯುತ್ತಿತ್ತು. ಅತ್ತಿಗೆ ಒರೆಸುತ್ತಿದ್ದರು. ದಿನವೂ ಅದೇ ಪ್ರಶ್ನೆ, “ಬಂತಾ?” ಬರಲಿಲ್ಲ ಎಂದರೆ, “ಅವನನ್ನು ಎಲ್ಲಿಗೆಲ್ಲ ತಿರುಗಿಸ್ತಿ ಮಗಾ. ಸುಡು,” ಎನ್ನುತ್ತಿದ್ದಳು. ಅತ್ತಿಗೆಯ ಕಡೆ ನೋಡಿದರೆ ಅವರು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದರು. ಇಬ್ಬರ ನಡುವೆ ನಾನು ಬೆಳಿಗ್ಗೆ ಶೆಡ್ಡಿಗೆ ಓಡುತ್ತಿದ್ದೆ. ಅಲ್ಲಿ ರೆಸಿನ್ ಡಬ್ಬಿ ತೆರೆದರೆ ಆ ವಾಸನೆಗೆ ಮತ್ತೆ ಮುಚ್ಚಿಬಿಡುತ್ತಿದ್ದೆ. ಇಷ್ಟು ವರ್ಷ ಅನ್ನ ಕೊಟ್ಟ ವಾಸನೆ ಅದು.

ಒಂದು ಸಲ ಫೋನಿನಲ್ಲಿ ಮೇಡಂ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ದವಡೆಯ ಒಳಗೆ ನರ ಹೋಗುವ ಒಂದು ಸಣ್ಣ ತೂತು ಉಂಟು. ಅದರಲ್ಲಿ ಮರಳು ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ. ಅದು ನಾಲ್ಕು ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ. ಹಿಂದೆ ಕಡಲು ತುಂಬ ಪಶ್ಚಿಮಕ್ಕೆ ಸರಿದಿದ್ದ ಕಾಲ ಒಂದಿತ್ತು, ಆಗ ಆ ಚುಕ್ಕೆಯ ಜಾಗ ನೆಲವಾಗಿತ್ತು, ಜನ ನಡೆದಾಡಿರಬಹುದು. “ನನ್ನ ಮನಸ್ಸಿಗೆ ಇದು ನಿಮ್ಮ ಅಣ್ಣ ಅಲ್ಲ. ಆದ್ರೆ ಆ ತೂತಿನ ಬಾಯಿಗೂ ನಿಮ್ಮ ರೆಸಿನ್ ಹೋಗಿದೆ. ಮರಳನ್ನು ಗಟ್ಟಿ ಮಾಡಿದ್ದು ಕಾಲವಾ, ನೀವಾ ಅಂತ ನಾನು ಆಣೆ ಮಾಡಿ ಹೇಳ್ಲಾರೆ.”

ಅದನ್ನು ಅಮ್ಮನಿಗೆ ಹೇಳಬಾರದಿತ್ತೋ ಏನೋ. ಸುಳ್ಳು ಹೇಳಿ ಸುಡಬಹುದಿತ್ತು, ಅತ್ತಿಗೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಂತಲೂ ಯೋಚಿಸಿದ್ದೆ. ಆದರೆ ಯಾರನ್ನೋ ಸುಟ್ಟು, ಅಣ್ಣನ ಹೆಸರು ಹಿಡಿದು ಕರೆದು, ಆ ಯಾರೋ ಒಳಗೆ ಬಂದು ಅಣ್ಣನ ಎಲೆಯಲ್ಲಿ ಕೂತರೆ? ಅಣ್ಣ ಹೊರಗೆ ನಿಂತು ನೋಡಿದರೆ? ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಮಾಡಲು ಮಾತ್ರ ಕೈ ಬರಲಿಲ್ಲ.

“ಅಮ್ಮ, ಅದು ಅಣ್ಣ ಅಲ್ಲ ಅಂತ ಕಾಣ್ತದೆ,” ಎಂದೆ.

“ಮತ್ತೆ ಯಾರು?”

“ಹಳೇ ಕಾಲದವರು ಯಾರೋ. ಸಾವಿರಾರು ವರ್ಷ ಆಗಿರಬಹುದಂತೆ, ಅಲ್ಲೇ ಇದ್ದು.”

ಅಮ್ಮ ಮಂಜು ಕಣ್ಣನ್ನು ಮೇಲಕ್ಕೆ ಮಾಡಿ ಹೆಂಚಿನ ಕಡೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಅಷ್ಟು ವರ್ಷ,” ಎಂದಳು. “ಅಷ್ಟು ವರ್ಷ ಅವನನ್ನು ಯಾರೂ ಒಳಗೆ ಕರೀಲಿಲ್ವಾ?”

ನಾನು ಅವಳ ಹೊದಿಕೆ ಸರಿ ಮಾಡಿದೆ.

“ಹಾಗಾದ್ರೆ ಕರೆಯದೆ ಇರ್ಲಿಕ್ಕೂ ಆಗ್ತದೆ,” ಎಂದಳು. “ನನ್ನ ಮಗ ಕೂಡ ಹಾಗೆಯೇ ಇರ್ತಾನೆ.” ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆಮೇಲೆ ಬಂತಾ ಎಂದು ಕೇಳಲಿಲ್ಲ. ಗಂಜಿಗೆ ಬಾಯಿಯನ್ನೂ ತೆರೆಯಲಿಲ್ಲ. ಹುಲ್ಲಿನಲ್ಲೇ ಮಾಡುವ ಅಮ್ಮ, ನೀನು ಒಂದು ಮಾತು ಹೇಳು ಎಂದು ನಾನು ಕಾಲು ಹಿಡಿದು ಬೇಡಿದೆ. ಕೇಳಿಸಿತೋ ಇಲ್ಲವೋ.

ಅಮ್ಮನನ್ನು ಸುಟ್ಟು ಬಂದ ಮೇಲೆ, ಬೊಜ್ಜದ ಮೊದಲು, ಮೇಡಂ ಫೋನ್ ಮಾಡಿದರು. ಲ್ಯಾಬಿನವರು ಎಷ್ಟು ತೊಳೆದರೂ ಬೇರಿನ ಒಳಗಿನಿಂದಲೂ ರೆಸಿನ್ ಸಿಕ್ಕಿತಂತೆ. ಬಂದ ಅಂಕಿಯನ್ನು ನಂಬಬೇಡಿ ಎಂದು ಅವರೇ ಹೇಳಿದರಂತೆ. ಎಷ್ಟು ಎಂದು ನಾನು ಕೇಳಲಿಲ್ಲ.

“ಒಳಗಿನವರೆಗೂ ಹೋಗಿದೆ,” ಎಂದರು ಮೇಡಂ. ಬಯ್ಯುವ ಸ್ವರ ಅಲ್ಲ. “ಅಷ್ಟು ಚೆನ್ನಾಗಿ ಮಾಡಿದ್ದೀರಿ.”

ಫೋನ್ ಇಟ್ಟು ಅಂಗಳದಲ್ಲಿ ಕೂತೆ. ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆ.

ಬೊಜ್ಜದ ದಿನ ಮುಸ್ಸಂಜೆ ಒಳಗೆ ಎಲೆ ಹಾಕಿ ಬಡಿಸಿತ್ತು. ನಾನು ಬಾಗಿಲಲ್ಲಿ ನಿಂತು ಅಮ್ಮನನ್ನು ಹೆಸರು ಹಿಡಿದು ಕರೆದೆ. ಆ ಹೆಸರನ್ನು ನಾನು ಅಷ್ಟು ಗಟ್ಟಿಯಾಗಿ ಹಿಂದೆಂದೂ ಹೇಳಿರಲಿಲ್ಲ. ಹಿಂದಿನಿಂದ ಸೋದರಮಾವ ಹೇಳಿದರು, “ದೊಡ್ಡವನನ್ನೂ ಕರಿ ಮಾರಾಯ. ತಾಯಿಯೊಟ್ಟಿಗೆ ಆಗಿಹೋಗ್ಲಿ. ಇನ್ನು ಎಷ್ಟು ಅಂತ ಕಾಯುವುದು?”

ನಾನು ಅತ್ತಿಗೆಯನ್ನು ನೋಡಿದೆ. ಅವರು ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

“ಕರೀಲಾ, ಅತ್ತಿಗೆ?”

“ನಿನಗೆ ಗೊತ್ತುಂಟಾ, ಅದು ಅವರಾ ಅಲ್ವಾ ಅಂತ?”

“ಇಲ್ಲ.”

“ನನಗೂ ಇಲ್ಲ. ಮತ್ತೆ ಎಂತ ಕರಿಯುವುದು?” ಬಾಗಿಲ ಕಡೆ ಕೈ ತೋರಿಸಿ, “ಬಾಗಿಲು ಹಾಕ್ಬೇಡ. ಅಷ್ಟು ಮಾಡು,” ಎಂದರು.

ಕರೆದ ಮೇಲೆ ಬಾಗಿಲು ಹಾಕುವುದು ಕ್ರಮ. ಬಂದವರು ಉಣ್ಣುವಾಗ ಯಾರೂ ನೋಡಬಾರದು. ಸೋದರಮಾವ ಏನೋ ಹೇಳಲು ಬಂದರು, ಅತ್ತಿಗೆಯ ಮುಖ ನೋಡಿ ಹಿಂದೆ ಸರಿದರು. ನಾನು ಬಾಗಿಲಿನಿಂದ ಕೈ ತೆಗೆದೆ.

ಆ ದವಡೆ ಇವತ್ತಿಗೂ ಮೇಡಂ ಮನೆಯ ಕಪಾಟಿನಲ್ಲಿದೆ. ಒಂದು ಬಿರುಕೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮನಸ್ಸು ತಡೆಯದ ದಿನ ಹೋಗಿ ಆ ಸಂದಿ ನೋಡಿ ಬರುತ್ತೇನೆ. ಬೆರಳಿಟ್ಟು ಒತ್ತಿ, ಆ ಮಧ್ಯಾಹ್ನ ಪುಟ್ಟಿ ಒಳಗೆ ಹೋಯಿತಾ ಎಂದು ಬೆರಳನ್ನೇ ಕೇಳುತ್ತೇನೆ.

ಬೊಜ್ಜದ ಆ ಸಂಜೆ ಕಡಲ ಗಾಳಿಗೆ ದೀಪ ಆರಿತು. ಸೊಳ್ಳೆ ಬಂದವು, ಎಲೆಯ ಮೇಲಿನ ಅನ್ನ ತಣ್ಣಗಾಯಿತು. ಗಾಳಿ ಬಾಗಿಲನ್ನು ತಳ್ಳಿ ತಳ್ಳಿ ಮುಚ್ಚಲು ನೋಡುತ್ತಿತ್ತು. ಅತ್ತಿಗೆ ಎದ್ದು ಹೋಗಿ, ಅಂಗಳದಿಂದ ಒಂದು ಕಲ್ಲು ತಂದು ಬಾಗಿಲಿಗೆ ಒತ್ತಿ ಇಟ್ಟರು.